ನೀರು ಬಂದಾಗ ದಫ್ತರದಲ್ಲಿ ಯಾರ ಹೆಸರಿತ್ತು?

1945ರ ಫೆಬ್ರವರಿ 28ರಂದು ತುಂಗಭದ್ರೆಯ ಎರಡೂ ದಂಡೆಗಳಲ್ಲಿ ಅಡಿಗಲ್ಲು ಹಾಕಿದರು. ಹೊಸಪೇಟೆಯ ಕಡೆ ಮದ್ರಾಸ್ ಪ್ರಾಂತ್ಯದ ಗವರ್ನರ್ ಸರ್ ಆರ್ಥರ್ ಹೋಪ್, ಈಚೆ ದಂಡೆಯಲ್ಲಿ ನಿಜಾಮನ ಹಿರಿಯ ಮಗ, ಬೇರಾರಿನ ರಾಜಕುಮಾರ ಆಜಂ ಜಾ. ನದಿಯ ನಡುವೆ ಎರಡು ಸರ್ಕಾರಗಳ ಗಡಿ ಹಾದುಹೋಗಿದ್ದರಿಂದ ಒಂದೇ ಅಣೆಕಟ್ಟಿಗೆ ಎರಡು ಕಲ್ಲು. ನೀರನ್ನು ಸಮಪಾಲು ಹಂಚಿಕೊಳ್ಳುವ ಒಪ್ಪಂದ ಹಿಂದಿನ ವರ್ಷವೇ ಆಗಿತ್ತು. ಮುಂದೆ 1953ರ ಜುಲೈಯಲ್ಲಿ ಕಾಲುವೆಗೆ ನೀರು ಬಿಡುವ ಹೊತ್ತಿಗೆ ಆಚೆ ಬ್ರಿಟಿಷರಿರಲಿಲ್ಲ, ಈಚೆ ನಿಜಾಮನ ಆಳ್ವಿಕೆ ಇರಲಿಲ್ಲ. ಉಳಿದದ್ದು ಅವರ ದಫ್ತರ. ಯಾವ ಸರ್ವೆ ನಂಬರು ಯಾರ ಹೆಸರಿನಲ್ಲಿದೆ, ಯಾರು ಪಟ್ಟಾದಾರ, ಯಾರು ಬರೀ ಕೋರಿಗೆ, ಅಂದರೆ ಬೆಳೆಯ ಪಾಲಿಗೆ, ಮಾಡುವವನು ಎಂದು ಉರ್ದುವಿನಲ್ಲಿ ಬರೆದಿಟ್ಟ ಕಾಗದದ ಕಟ್ಟುಗಳು.

ಇವತ್ತು ಕೊಪ್ಪಳ ಜಿಲ್ಲೆಯಲ್ಲಿ ಗಂಗಾವತಿಯ ಕಡೆಗೆ ಹೊರಟರೆ ನೆಲದ ಬಣ್ಣ ಬದಲಾಗುತ್ತದೆ, ಊರುಗಳ ಹೆಸರಿಗೆ ‘ಕ್ಯಾಂಪ್’ ಅಂಟಿಕೊಳ್ಳುತ್ತದೆ, ಅಂಗಡಿಯ ಮುಂದೆ ತೆಲುಗು ಕೇಳಿಸುತ್ತದೆ. ಇದನ್ನೆಲ್ಲ ಕಾಲುವೆ ಮಾಡಿದ ಬದಲಾವಣೆ ಎಂದು ಹೇಳುವುದು ರೂಢಿ. ಕಾಲುವೆ ಮಾಡಿದ್ದು ನಿಜ. ಆದರೆ ನೀರು ಹರಿದದ್ದು ಖಾಲಿ ನೆಲದ ಮೇಲಲ್ಲ. ಅದು ಹರಿದದ್ದು ಜಹಗೀರು, ಇನಾಮು, ವತನು, ಕೇರಿ ಎಂದು ಮೊದಲೇ ಹರಿದು ಹಂಚಿದ್ದ ನೆಲದ ಮೇಲೆ. ಆ ಹಂಚಿಕೆ ಹೇಗಾಗಿತ್ತು ಎಂಬುದರಿಂದ ಕಥೆ ಶುರುವಾಗಬೇಕು.

ಹೈದರಾಬಾದ್ ಸಂಸ್ಥಾನದ ನೆಲ ಮೂರು ಬಗೆಯದು. ಸರ್ಕಾರವೇ ನೇರ ಕಂದಾಯ ಎತ್ತುವ ದಿವಾನಿ ಅಥವಾ ಖಾಲ್ಸಾ ಹಳ್ಳಿಗಳು, ನಿಜಾಮನ ಖಾಸಗಿ ಖರ್ಚಿಗೆ ಮೀಸಲಾದ ಸರ್ಫ್-ಎ-ಖಾಸ್, ಮತ್ತೆ ಜಹಗೀರು. ಸಂಸ್ಥಾನದ ಸುಮಾರು ಶೇಕಡಾ 30ರಷ್ಟು ನೆಲ ಜಹಗೀರುದಾರರ ಕೈಯಲ್ಲಿತ್ತು. ಗಂಗಾವತಿ, ಕುಷ್ಟಗಿ ದಿವಾನಿಗೆ ಸೇರಿದವು. ಕೊಪ್ಪಳ, ಯಲಬುರ್ಗಾ ಸಾಲಾರ್‌ಜಂಗ್ ಮನೆತನದ ಜಹಗೀರು. ಆನೆಗೊಂದಿಯಲ್ಲಿ ವಿಜಯನಗರದ ಅರಸರ ವಂಶಸ್ಥರು, ಹಳೆಯ ವೈಭವದ ಒಂದು ಚೂರನ್ನು ಹಿಡಿದುಕೊಂಡು. ಇಂದಿನ ಒಂದು ಜಿಲ್ಲೆಯೊಳಗೆ ರೈತ ಯಾರಿಗೆ ಕಂದಾಯ ಕಟ್ಟುತ್ತಾನೆ, ತಕರಾರು ಬಂದರೆ ಯಾರ ಕಚೇರಿಯ ಕಟ್ಟೆ ಹತ್ತುತ್ತಾನೆ ಎಂಬುದು ಊರಿಂದೂರಿಗೆ ಬೇರೆ.

ಮೊದಲನೆಯ ಸಾಲಾರ್‌ಜಂಗ್ 1853ರಿಂದ ಮೂವತ್ತು ವರ್ಷ ಸಂಸ್ಥಾನದ ದಿವಾನರಾಗಿದ್ದವರು. ಕಂದಾಯ ಎತ್ತುವುದನ್ನು ಗುತ್ತಿಗೆದಾರರಿಗೆ ಹರಾಜು ಹಾಕುವ ಪದ್ಧತಿಯನ್ನು ಕಿತ್ತುಹಾಕಿ, 1865ರಲ್ಲಿ ಜಿಲ್ಲಾಬಂದಿ ಮಾಡಿ, ಪಕ್ಕದ ಮುಂಬಯಿ ಇಲಾಖೆಯ ಮಾದರಿಯಲ್ಲಿ ಸರ್ವೆ ಮಾಡಿಸಿ, ಸಂಸ್ಥಾನಕ್ಕೆ ಆಧುನಿಕ ಆಡಳಿತ ತಂದವರೆಂದು ಹೆಸರಾದವರು. ಹೆಸರು ಸುಳ್ಳಲ್ಲ. ಆದರೆ ಆ ಸುಧಾರಣೆಯ ಬೆಳಕು ಹೆಚ್ಚಾಗಿ ದಿವಾನಿ ಹಳ್ಳಿಗಳ ಮೇಲೆ ಬಿತ್ತು. ಸುಧಾರಕರ ಮನೆತನದ ಕೊಪ್ಪಳ ಜಹಗೀರಾಗಿಯೇ ಉಳಿಯಿತು, 1949ರವರೆಗೆ. ಮೂರನೆಯ ಸಾಲಾರ್‌ಜಂಗರು ಜಗತ್ತಿನ ಮೂಲೆ ಮೂಲೆಯಿಂದ ಕೊಂಡು ತಂದ ಗಡಿಯಾರ, ಪಿಂಗಾಣಿ, ದಂತದ ಕುರ್ಚಿಗಳನ್ನು ಹೈದರಾಬಾದಿನ ಮ್ಯೂಸಿಯಂನಲ್ಲಿ ಬಾಯಿಬಿಟ್ಟು ನೋಡುವ ಕೊಪ್ಪಳದವರಿಗೆ, ಆ ಸಂಗ್ರಹದ ಹಿಂದೆ ಇದ್ದ ವರಮಾನದಲ್ಲಿ ತಮ್ಮ ಮುತ್ತಜ್ಜನ ಹೊಲದ ಜೋಳವೂ ಸೇರಿತ್ತೆಂದು ಅಲ್ಲಿ ಯಾರೂ ಹೇಳುವುದಿಲ್ಲ.

ಗಡಿಯ ಆಚೆ, ಮುಂಡರಗಿ, ಗದಗ, ರೋಣದ ಕಡೆ, ಕಂಪನಿ ಸರ್ಕಾರ. ಅಲ್ಲಿನ ಕಥೆ ಬೇರೆ ಬಗೆಯದು. ಧಾರವಾಡ ಸೀಮೆಯಲ್ಲಿ ಮುಂಬಯಿ ಸರ್ವೆ ಬಂದು ಹೊಲಕ್ಕೆ ನಂಬರು, ನಂಬರಿಗೆ ಖಾತೆದಾರ, ಖಾತೆಗೆ ದರ ಎಂದಾಯಿತು. ಹೊಲ ಒತ್ತೆ ಇಡಬಹುದು, ಮಾರಬಹುದು, ಸಾಲಕ್ಕೆ ಹರಾಜಾಗಬಹುದು. 1852ರಲ್ಲಿ ಇನಾಂ ಕಮಿಷನ್ನಿಗೆ ಕಾನೂನಿನ ಬಲ ಬಂತು. ತಲೆತಲಾಂತರದಿಂದ ಉಂಡುಬಂದ ಇನಾಮಿಗೆ ಸನದು ತೋರಿಸು, ಇಲ್ಲವೇ ಬಿಡು ಎಂಬ ಆಜ್ಞೆ. ದತ್ತಕ ನಿರಾಕರಣೆ, ಆಯುಧ ಕಸಿಯುವ ಕಾಯ್ದೆ, ಇನಾಮಿನ ಭಯ ಎಲ್ಲ ಸೇರಿ 1858ರಲ್ಲಿ ನರಗುಂದ ಹೊತ್ತಿಕೊಂಡಿತು. ಮುಂಡರಗಿ ಭೀಮರಾಯ, ಹಮ್ಮಿಗಿಯ ಕೆಂಚನಗೌಡ ಎದ್ದು ಗಡಿ ದಾಟಿ ಕೊಪ್ಪಳ ಕೋಟೆ ಹಿಡಿದು, ಅಲ್ಲೇ ಕಾದಾಡಿ ಸತ್ತರು. ಅದಕ್ಕೂ ಮುಂಚೆ, 1819ರಲ್ಲಿ, ವೀರಪ್ಪನೆಂಬವನು ಇದೇ ಕೋಟೆ ಹಿಡಿದಾಗ ಅವನನ್ನು ಇಳಿಸಲು ನಿಜಾಮನ ಪರವಾಗಿ ಬಂದದ್ದೂ ಬ್ರಿಟಿಷ್ ಫೌಜೇ. ‘ಇದು ನಿಜಾಮನ ಸೀಮೆ, ಇಲ್ಲಿ ವಸಾಹತುಶಾಹಿ ಎಲ್ಲಿತ್ತು?’ ಎಂದು ಕೇಳುವವರಿಗೆ ಇಷ್ಟು ಸಾಕು. ಸಾಲದಿದ್ದರೆ ಇನ್ನೊಂದು: ಫೌಜಿನ ಖರ್ಚಿನ ಬಾಕಿಗಾಗಿ 1853ರಲ್ಲಿ ರಾಯಚೂರು ದೋಆಬನ್ನೇ ಕಂಪನಿ ವಹಿಸಿಕೊಂಡಿತು, 1857ರಲ್ಲಿ ನಿಷ್ಠೆ ತೋರಿದ್ದಕ್ಕೆ 1860ರಲ್ಲಿ ಮರಳಿಸಿತು. ಇಡೀ ಸೀಮೆಯೇ ಏಳು ವರ್ಷ ಒತ್ತೆಯಲ್ಲಿತ್ತು.

ಊರಿನೊಳಗೆ ಬಂದರೆ ಅಧಿಕಾರ ಮೂರು ಮನೆಗಳಲ್ಲಿ. ಕಂದಾಯಕ್ಕೆ ಮಾಲಿಪಟೇಲ, ಕಾವಲಿಗೆ ಪೊಲೀಸ್ ಪಟೇಲ, ಲೆಕ್ಕಕ್ಕೆ ಪಟವಾರಿ, ಅಂದರೆ ಕುಲಕರ್ಣಿ. ಮೂರೂ ವತನು, ತಂದೆಯಿಂದ ಮಗನಿಗೆ. ಪಹಣಿಯಲ್ಲಿ ಯಾವ ಹೆಸರು ಎಲ್ಲಿ ಕೂರಬೇಕು ಎಂಬುದು ಈ ಮೂವರ ಮಾತು. ಅವರ ಕೆಳಗೆ ತಳವಾರ, ವಾಲಿಕಾರ. ಊರ ಕಾವಲು, ಸುದ್ದಿ ಮುಟ್ಟಿಸುವುದು, ಕಂದಾಯದ ಗಂಟು ಹೊರುವುದು, ಸತ್ತ ದನ ಎಳೆಯುವುದು ಇವರ ಪಾಲಿನ ಚಾಕರಿ. ಅದಕ್ಕೆ ಪ್ರತಿಯಾಗಿ ತುಂಡು ಇನಾಮು ನೆಲ, ಸುಗ್ಗಿಯಲ್ಲಿ ಆಯ. ಆ ನೆಲ ಅವರದ್ದೇ ಎಂದು ಹೇಳುವಂತಿರಲಿಲ್ಲ, ಚಾಕರಿಗೆ ಕಟ್ಟಿದ ನೆಲ ಅದು. ಚಾಕರಿ ಬಿಟ್ಟರೆ ನೆಲವೂ ಬಿಟ್ಟಂತೆ. ಹೊಲೆಯರ, ಮಾದಿಗರ ಕೇರಿ ಊರಿನಿಂದ ಬೇರೆ. ಅವರ ಬಾವಿ ಬೇರೆ, ಸ್ಮಶಾನಕ್ಕೆ ಹೋಗುವ ದಾರಿ ಬೇರೆ. ಸರ್ವೆಯವರು ಸಂಕೋಲೆ ಎಳೆದು ನಕ್ಷೆ ಬರೆದಾಗ ಈ ಬೇರ್ಪಾಟನ್ನು ಅವರು ಹೊಸದಾಗಿ ಮಾಡಲಿಲ್ಲ. ಇದ್ದದ್ದನ್ನು ಇದ್ದ ಹಾಗೇ ಗುರುತು ಹಾಕಿದರು. ರೂಢಿಗೆ ಸರ್ಕಾರಿ ನಕ್ಷೆಯ ಬೆಂಬಲ ಸಿಕ್ಕಿತು.

ಬೇರೆಡೆ ಇಂಥ ಬೇರ್ಪಾಟಿಗೆ ಕಾನೂನೇ ಬೇಕಾಯಿತು. ದಕ್ಷಿಣ ಆಫ್ರಿಕಾದಲ್ಲಿ 1913ರ ನೆಲದ ಕಾನೂನು ದೇಶದ ಬಹುಸಂಖ್ಯಾತ ಕರಿಯರಿಗೆ ಸುಮಾರು ಶೇಕಡಾ 7ರಷ್ಟು ಭೂಮಿ ಬಿಟ್ಟು ಉಳಿದುದಕ್ಕೆ ಬೇಲಿ ಹಾಕಿತು. ಪಂಜಾಬಿನಲ್ಲಿ 1900ರ ಕಾನೂನು ‘ಕೃಷಿಕ ಜಾತಿ’ಗಳ ಪಟ್ಟಿ ಮಾಡಿತು, ಪಟ್ಟಿಯ ಹೊರಗಿನವರು ಪಟ್ಟಿಯವರ ಹೊಲ ಕೊಳ್ಳುವುದಕ್ಕೆ ತಡೆ. ಬಡ್ಡಿ ಸಾಹುಕಾರರನ್ನು ತಡೆಯಲೆಂದು ಮಾಡಿದ ಕಾನೂನು ಅಲ್ಲಿನ ದಲಿತರಿಗೂ ಬಾಗಿಲು ಹಾಕಿತು. ಕೊಪ್ಪಳದ ಸೀಮೆಗೆ ಇಂಥ ಕಾನೂನು ಬೇಕಾಗಲೇ ಇಲ್ಲ, ರೂಢಿಯೇ ಸಾಕಾಯಿತು. ಯಾವ ಗೆಜೆಟ್ಟಿನಲ್ಲೂ ಅಚ್ಚಾಗದ ನಿಯಮವನ್ನು ರದ್ದುಮಾಡುವುದು ಹೇಗೆ? ದಕ್ಷಿಣ ಆಫ್ರಿಕಾದವರು 1991ರಲ್ಲಿ ಕಾನೂನನ್ನಾದರೂ ತೆಗೆದುಹಾಕಿದರು.

1948ರ ಸೆಪ್ಟೆಂಬರ್ 17ಕ್ಕೆ ನಿಜಾಮನ ಸೇನೆ ಶರಣಾಯಿತು. ಅದಕ್ಕೆ ಮುಂಚಿನ ವರ್ಷ ಗಡಿಯ ಮುಂಡರಗಿ, ಗಜೇಂದ್ರಗಡದ ಶಿಬಿರಗಳಿಂದ ನಡೆದ ಹೋರಾಟ, ರಜಾಕಾರರ ಹಾವಳಿ, ಅಳವಂಡಿ ಶಿವಮೂರ್ತಿ ಸ್ವಾಮಿಗಳ ನಾಯಕತ್ವ, ಅವರು 1952ರಲ್ಲಿ ಕುಷ್ಟಗಿಯಿಂದ ಪಕ್ಷೇತರರಾಗಿ ಲೋಕಸಭೆಗೆ ಹೋದದ್ದು, ಇವೆಲ್ಲ ಬೇರೆಯೇ ಒಂದು ಲೇಖನದ ವಿಷಯ. ನೆಲದ ಮಟ್ಟಿಗೆ ನಡೆದದ್ದು ಇಷ್ಟು: 1949ರ ಆಗಸ್ಟ್‌ನಲ್ಲಿ ಜಹಗೀರು ರದ್ದತಿಯ ಕಾಯ್ದೆ. ಮೂರನೆಯ ಸಾಲಾರ್‌ಜಂಗರು ಅದೇ ವರ್ಷದ ಮಾರ್ಚ್‌ನಲ್ಲಿ ತೀರಿಕೊಂಡಿದ್ದರು. ಕೊಪ್ಪಳ, ಯಲಬುರ್ಗಾ ದಿವಾನಿಯಲ್ಲಿ ಕೂಡಿಕೊಂಡವು, ಜಹಗೀರುದಾರರಿಗೆ ಪರಿಹಾರ ನಿಗದಿಯಾಯಿತು. ಮೇಲಿನ ಅರಮನೆ ಹೋಯಿತು, ಕೆಳಗಿನ ಚಾವಡಿ ಹೋಗಲಿಲ್ಲ. 1950ರ ಹೈದರಾಬಾದ್ ಗೇಣಿ ಕಾನೂನು ಅದರ ಕಾಲಕ್ಕೆ ದಿಟ್ಟ ಕಾನೂನೇ. ಆರು ವರ್ಷ ಎಡೆಬಿಡದೆ ಗೇಣಿ ಮಾಡಿದವನನ್ನು ಸಂರಕ್ಷಿತ ಗೇಣಿದಾರನೆಂದು ದಾಖಲಿಸಬೇಕೆಂದಿತು. ದಾಖಲಿಸಬೇಕಾದವನು ಪಟವಾರಿ. ಕೋರಿಗೆ, ಪಾಲಿಗೆ ಮಾಡುತ್ತಿದ್ದವನ ಬಳಿ ಚೀಟಿ ಇಲ್ಲ, ಸಾಕ್ಷಿ ಹೇಳುವವನು ಗೌಡನ ಆಳು. ಜೀತಕ್ಕಿದ್ದವನಂತೂ ಗೇಣಿದಾರನೇ ಅಲ್ಲ. ಅವನು ಯಾವ ಕಾಲಮ್ಮಿಗೂ ಬರುವುದಿಲ್ಲ.

ನೀರು ಬಂದದ್ದು ಇಂಥ ದಫ್ತರದ ಮೇಲೆ.

ಮೊದಲು ಮುಳುಗಿದವರ ಮಾತು ಹೇಳಬೇಕು, ಅಚ್ಚುಕಟ್ಟಿನ ವೈಭವದಲ್ಲಿ ಅದು ಮರೆತೇಹೋಗುತ್ತದೆ. ಜಲಾಶಯದ ಹಿನ್ನೀರಿಗೆ ಎರಡೂ ದಂಡೆ ಸೇರಿ ತೊಂಬತ್ತರ ಆಸುಪಾಸು ಹಳ್ಳಿಗಳು ಹೋದವು, ಐವತ್ತು ಸಾವಿರಕ್ಕೂ ಮಿಕ್ಕಿ ಜನ ಎದ್ದು ಹೋಗಬೇಕಾಯಿತು. ಪರಿಹಾರ ಸಿಕ್ಕಿದ್ದು ಹೊಲಕ್ಕೆ, ಮನೆಗೆ, ಎಂದರೆ ಹೆಸರಿಗೆ. ಹೊಳೆದಂಡೆಯ ಹೊಲಗಳಲ್ಲಿ ಕೂಲಿ ಮಾಡಿ ಬದುಕಿದವನಿಗೆ ಮುಳುಗಿದ್ದು ಕೂಲಿ. ಕೂಲಿಗೆ ಸರ್ವೆ ನಂಬರಿಲ್ಲ.

ಎಡದಂಡೆ ಕಾಲುವೆ ಮುನಿರಾಬಾದಿನಿಂದ ಹೊರಟು ಗಂಗಾವತಿ, ಸಿಂಧನೂರು, ಮಾನ್ವಿ ದಾಟಿ ರಾಯಚೂರಿನತ್ತ 227 ಕಿಲೋಮೀಟರು ಹರಿಯುತ್ತದೆ. ಆರು ಲಕ್ಷ ಎಕರೆಗೆ ಸಮೀಪದ ಅಚ್ಚುಕಟ್ಟು. ಯೋಜನೆ ಮಾಡಿದವರ ಮನಸ್ಸಿನಲ್ಲಿದ್ದದ್ದು ಬರಗಾಲದ ನೆಲಕ್ಕೆ ತೆಳ್ಳಗೆ ನೀರು ಹಂಚುವುದು. ಜೋಳ, ಹತ್ತಿ, ಶೇಂಗಾದಂಥ ಬೆಳೆಗೆ ಒಂದೆರಡು ಬಾರಿ ಆಸರೆ. ಭತ್ತಕ್ಕೆ ಅಲ್ಲಲ್ಲಿ ಸ್ವಲ್ಪ ಭಾಗ ಮಾತ್ರ. ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಎಂದು ಗೊತ್ತುಮಾಡುವ ಈ ಪದ್ಧತಿ ಮದ್ರಾಸ್ ಪ್ರಾಂತ್ಯದ ಎಂಜಿನಿಯರುಗಳಿಂದ ಬಂದದ್ದು. ಕಾಗದದ ಮೇಲೆ ನ್ಯಾಯವಾದದ್ದೇ. ಹೊಲದ ಮೇಲೆ ಅದು ಒಂದು ದಶಕವೂ ನೆಟ್ಟಗೆ ನಿಲ್ಲಲಿಲ್ಲ.

ಏಕೆಂದರೆ ಅಷ್ಟರಲ್ಲಿ ಕೃಷ್ಣಾ, ಗೋದಾವರಿ, ಗುಂಟೂರು ಕಡೆಯಿಂದ ಜನ ಬಂದಿದ್ದರು. ಈ ವಲಸೆಗೆ ಒಂದು ಶತಮಾನದ ಹಿನ್ನೆಲೆ ಇದೆ. ಆರ್ಥರ್ ಕಾಟನ್ ದೌಲೇಶ್ವರದಲ್ಲಿ ಗೋದಾವರಿಗೆ ಒಡ್ಡು ಕಟ್ಟಿದ್ದು 1852ರಲ್ಲಿ. ಅದರ ಬೆನ್ನಿಗೇ ಬೆಜವಾಡದಲ್ಲಿ ಕೃಷ್ಣೆಗೆ ಒಡ್ಡು. ಡೆಲ್ಟಾದ ರೈತರು ಎರಡು ಮೂರು ತಲೆಮಾರಿನಲ್ಲಿ ಭತ್ತ ಬೆಳೆದು, ಮಾರಿ, ಮಿಲ್ಲು ಹಾಕಿ, ಮಕ್ಕಳನ್ನು ಓದಿಸಿ ಗಟ್ಟಿಯಾದರು. ಜನ ಹೆಚ್ಚಾಗಿ ನೆಲ ಸಾಲದಾಯಿತು, ಬೆಲೆ ಏರಿತು. 1931ರಲ್ಲಿ ನಿಜಾಮ್ ಸಾಗರ ತುಂಬಿದಾಗ ಅವರಲ್ಲಿ ಹಲವರು ನಿಜಾಮಾಬಾದ್, ಬೋಧನಿಗೆ ಹೋಗಿ ನೆಲ ಕೊಂಡಿದ್ದರು. ತುಂಗಭದ್ರೆಯ ಕಾಲುವೆ ಅಗೆಯುತ್ತಿದ್ದಾಗಲೇ ಮುಂದೇನಾಗುತ್ತದೆಂದು ಓದಿಕೊಳ್ಳುವುದು ಅವರಿಗೆ ಕಷ್ಟವಿರಲಿಲ್ಲ. ಮದ್ರಾಸ್ ಪ್ರಾಂತ್ಯದ ಬ್ರಿಟಿಷ್ ನೀರಾವರಿ ಹುಟ್ಟಿಸಿದ ಬಂಡವಾಳ ನೂರು ವರ್ಷದ ನಂತರ ನಿಜಾಮನ ಸೀಮೆಯ ಅಗ್ಗದ ನೆಲವನ್ನು ಹುಡುಕಿಕೊಂಡು ಬಂತು. ಡೆಲ್ಟಾದ ಒಂದೆಕರೆ ಮಾರಿದರೆ ಇಲ್ಲಿ ಹಲವಾರು ಎಕರೆ ಬರುತ್ತಿತ್ತು.

ಇಲ್ಲಿಯವರು ಯಾಕೆ ಮಾರಿದರು? ‘ನಮ್ಮವರಿಗೆ ಭತ್ತ ಮಾಡಾಕ ಬರ್ತಿದ್ದಿಲ್ಲ’ ಎಂಬ ಉತ್ತರ ಗಂಗಾವತಿಯಲ್ಲಿ ಎಲ್ಲರ ಬಾಯಲ್ಲೂ ಇದೆ. ಅದು ಅರ್ಧ ನಿಜ. ಹುಲಿಗಿ, ಶಿವಪುರ, ಆನೆಗೊಂದಿ, ಗಂಗಾವತಿಯ ವಿಜಯನಗರ ಕಾಲದ ಕಾಲುವೆಗಳ ಕೆಳಗೆ ನಾಲ್ಕೈದು ಶತಮಾನದಿಂದ ಭತ್ತ ಬೆಳೆದವರು ಇಲ್ಲಿಯವರೇ. ಬಾರದಿದ್ದದ್ದು ಎರೆ ಹೊಲದವರಿಗೆ. ಮಳೆಗೆ ಕಾದು ಹಿಂಗಾರಿ ಬಿತ್ತುವ ಎರೆಯನ್ನು ಗದ್ದೆ ಮಾಡುವುದೆಂದರೆ ನೆಲ ಸಮಮಾಡಬೇಕು, ಒಡ್ಡು ಹಾಕಬೇಕು, ಬಸಿಗಾಲುವೆ ತೆಗೆಯಬೇಕು, ಗೊಬ್ಬರಕ್ಕೆ ಸುರಿಯಬೇಕು. ದುಡ್ಡಿಲ್ಲ, ಸಾಲ ಕೊಡುವ ಬ್ಯಾಂಕಿಲ್ಲ. ಇದರ ಮೇಲೆ ನೀರಾವರಿಯಾದ ನೆಲಕ್ಕೆ ಸರ್ಕಾರ ಹಾಕುವ ಬೆಟರ್‌ಮೆಂಟ್ ಲೆವಿಯ ಅಂಜಿಕೆ. ಬಹಳ ಹೊಲವಿದ್ದ ಗೌಡ, ದೇಸಾಯಿ, ಕುಲಕರ್ಣಿ ಮನೆಗಳಿಗೆ ಇನ್ನೊಂದು ಅಂಜಿಕೆ: ಗೇಣಿ ಕಾನೂನು ಬಂದಿದೆ, ನಾಳೆ ಮಿತಿ ಕಾನೂನೂ ಬರಬಹುದು. ದೂರದ ಹೊಲ ಇಟ್ಟುಕೊಂಡು ಕಳೆದುಕೊಳ್ಳುವುದಕ್ಕಿಂತ ಮಾರಿ ಕೈತೊಳೆದುಕೊಳ್ಳುವುದು ಲೇಸೆಂದು ಅವರು ಕಂಡರು. ಪಟ್ಟಾದಾರ ಮಾರಿದ, ಡೆಲ್ಟಾದವನು ಕೊಂಡ. ಆ ಹೊಲವನ್ನು ಅಷ್ಟು ವರ್ಷ ಉತ್ತವನು ಮಾರಾಟಗಾರನೂ ಅಲ್ಲ, ಖರೀದಿದಾರನೂ ಅಲ್ಲ. ನಮ್ಮ ಸೀಮೆಯ ಈ ದೊಡ್ಡ ಕೈಬದಲನ್ನು ಆಂಧ್ರದವರು–ಸ್ಥಳೀಯರು ಎಂಬ ಜಗಳವಾಗಿ ಹೇಳುವುದು ಸುಲಭ. ಬಂದವರು ಕಲ್ಲುಮುಳ್ಳಿನ ನಡುವೆ ಗುಡಿಸಲು ಹಾಕಿ, ಹಾವು ಚೇಳಿನ ಜೊತೆ ಬಾಳಿ ಗದ್ದೆ ಮಾಡಿದವರು. ಅವರ ದುಡಿಮೆಯನ್ನು ಕಡಿಮೆ ಮಾಡಿ ಹೇಳಬೇಕಾಗಿಲ್ಲ. ನನ್ನ ತಕರಾರು ಆ ಜಗಳದ ಚೌಕಟ್ಟಿನ ಮೇಲೆ. ಅದರಲ್ಲಿ ಎರಡೇ ಪಕ್ಷಗಳಿವೆ, ಎರಡೂ ಪಹಣಿಯಲ್ಲಿ ಹೆಸರಿರುವವು.

ಕೊಂಡ ಗದ್ದೆಯ ಹತ್ತಿರವೇ ಮನೆ ಕಟ್ಟಿಕೊಂಡದ್ದರಿಂದ ಕ್ಯಾಂಪುಗಳಾದವು. ಶ್ರೀರಾಮನಗರ, ವಿದ್ಯಾನಗರ, ವಡ್ಡರಹಟ್ಟಿ ಕ್ಯಾಂಪ್. ಹಳೆಯ ಊರಿನಂತೆ ಅಗಸೆ ಬಾಗಿಲು, ಸುತ್ತಿಬಳಸುವ ಓಣಿ, ಹಾಳು ಹುಡೆ ಇಲ್ಲಿಲ್ಲ. ನೇರ ರಸ್ತೆ, ರಾಮನ ಗುಡಿ, ರೈಸ್‌ಮಿಲ್ಲು, ಗೊಬ್ಬರದಂಗಡಿ. ಹೈದರಾಬಾದ್ ರಾಜ್ಯದೊಳಗೆ ಬಂದು ನೆಲೆಸಿದವರು 1956ರ ನವೆಂಬರ್ 1ರಂದು ಎದ್ದಾಗ ಮೈಸೂರು ರಾಜ್ಯದಲ್ಲಿದ್ದರು. ಈಗಿನ ತಲೆಮಾರು ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ ಆಡುತ್ತದೆ. ನಾಟಿ ಹಚ್ಚಲು, ಕಳೆ ತೆಗೆಯಲು ಆಳು ಬೇಕಲ್ಲ. ಆ ಆಳುಗಳು ಹಳೆಯ ಊರುಗಳ ಕೇರಿಗಳಿಂದ, ನೀರು ಹತ್ತದ ಕುಷ್ಟಗಿ, ಯಲಬುರ್ಗಾದ ಮಸಾರಿ ನೆಲದಿಂದ ಬಂದರು. ಅವರ ಗುಡಿಸಲು ಕ್ಯಾಂಪಿನ ಅಂಚಿಗೆ, ಕಾಲುವೆಯ ಏರಿಯ ಮೇಲೆ, ಸರ್ಕಾರಿ ಜಾಗದಲ್ಲಿ. ಹೊಸದಾಗಿ ಕಟ್ಟಿದ ಊರಿಗೂ ಒಂದು ಹೊರಗಿನ ಕೇರಿ ಬೆಳೆಯಿತು. 1970ರ ದಶಕದ ಆರಂಭದಲ್ಲಿ ಸಿಂಧನೂರಿನ ಪಕ್ಕ ಪೂರ್ವ ಬಂಗಾಳದ ನಿರಾಶ್ರಿತರನ್ನು ನೆಲೆಗೊಳಿಸಿದಾಗ ಸರ್ಕಾರ ಕುಟುಂಬಕ್ಕಿಷ್ಟು ಎಂದು ಅಳೆದು ನೆಲ ಕೊಟ್ಟಿತು. ನಿರಾಶ್ರಿತರಿಗೆ ಕೊಟ್ಟದ್ದು ಸರಿಯೇ. ಅದೇ ಅಚ್ಚುಕಟ್ಟಿನ ಜೀತದಾಳಿಗೂ ಹೀಗೆ ಅಳೆದು ಕೊಡಬಹುದಿತ್ತೆಂಬುದು ಆಗ ಯಾರಿಗೂ ಹೊಳೆದಂತಿಲ್ಲ.

ಕಾಲುವೆಯ ಮೇಲ್ಭಾಗವೆಲ್ಲ ಭತ್ತವಾಯಿತು. ಗಂಗಾವತಿ ‘ಭತ್ತದ ಕಣಜ’ವಾಯಿತು, ಕಾರಟಗಿಯಲ್ಲಿ ಮಿಲ್ಲುಗಳ ಸಾಲು. ಗೊತ್ತುಮಾಡಿದ ಬೆಳೆಯ ಕಾಗದ ನೀರಾವರಿ ಇಲಾಖೆಯ ಕಪಾಟಿನಲ್ಲಿ ಉಳಿಯಿತು, ಮಾನ್ವಿ, ರಾಯಚೂರಿನ ಕೊನೆಭಾಗದ ರೈತರು ಪ್ರತಿ ವರ್ಷ ರಸ್ತೆ ತಡೆಯುವುದು ಉಳಿಯಿತು.

1974ರ ಮಾರ್ಚ್ 1ರಿಂದ ದೇವರಾಜ ಅರಸರ ಭೂಸುಧಾರಣೆ ಜಾರಿಯಾಯಿತು. ಕರಾವಳಿಯಲ್ಲಿ ಅದು ಊರಿಗೆ ಊರನ್ನೇ ತಲೆಕೆಳಗು ಮಾಡಿತು, ಏಕೆಂದರೆ ಅಲ್ಲಿ ಗೇಣಿಚೀಟಿ ಇತ್ತು, ಗೇಣಿದಾರನೆಂಬ ಗುರುತಿತ್ತು. ಇಲ್ಲಿ ಫಾರಂ ನಂಬರ್ 7 ತುಂಬಲು ‘ನಾನು ಗೇಣಿದಾರ’ ಎಂದು ಹೇಳುವ ಧೈರ್ಯವೂ ಪುರಾವೆಯೂ ಇದ್ದವರು ಕಡಿಮೆ. ಆ ಹೊತ್ತಿಗೆ ಒಳ್ಳೆಯ ನೆಲ ಕೈಬದಲಾಗಿ ಇಪ್ಪತ್ತು ವರ್ಷವಾಗಿತ್ತು. ವತನು ರದ್ದಾಗಿ ತಳವಾರ, ವಾಲಿಕಾರರ ಇನಾಮು ನೆಲ ಅವರ ಹೆಸರಿಗೇ ಮರುಮಂಜೂರಾದದ್ದುಂಟು. ಮಂಜೂರಾದದ್ದು ಸಾಲಕ್ಕೆ ಹೋದದ್ದೂ ಉಂಟು. ದಲಿತರಿಗೆ ಸರ್ಕಾರ ಕೊಟ್ಟ ನೆಲ ಹೀಗೆ ಕೈಜಾರುವುದನ್ನು ತಡೆಯಲು 1978ರಲ್ಲಿ ಬೇರೆಯೇ ಕಾಯ್ದೆ ಮಾಡಬೇಕಾಯಿತು. ಇನ್ನು ಭೂಸುಧಾರಣಾ ಕಾಯ್ದೆಯ 2020ರ ತಿದ್ದುಪಡಿಯ ಮೇಲೆ, ಎಂದೂ ಉಳದವನು ಕೂಡ ದುಡ್ಡಿದ್ದರೆ ಹೊಲ ಕೊಳ್ಳಬಹುದು.

ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟ್ 28ರಂದು ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹೋಟೆಲು, ಕ್ಷೌರದಂಗಡಿಗೆ ತಮ್ಮನ್ನೇಕೆ ಬಿಡುವುದಿಲ್ಲ ಎಂಬ ಪ್ರಶ್ನೆ ಅದರ ಹಿಂದಿತ್ತು. ಹತ್ತು ವರ್ಷ ವಿಚಾರಣೆ ನಡೆದು 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ, ಮೂವರಿಗೆ ಐದು ವರ್ಷ ಶಿಕ್ಷೆ ಕೊಟ್ಟಿತು. ಪ್ರಕರಣ ಹೈಕೋರ್ಟಿಗೆ ಹೋಯಿತು. ಜಾತಿ ದೌರ್ಜನ್ಯದ ಒಂದೇ ಪ್ರಕರಣದಲ್ಲಿ ಇಷ್ಟು ಜನಕ್ಕೆ ಶಿಕ್ಷೆಯಾದದ್ದು ಅಪರೂಪವೆಂದು ದೇಶವೆಲ್ಲ ಬರೆಯಿತು. ಊರ ಮನೆಗಳು ಇರುವ ಜಾಗ, ಕೇರಿ ಇರುವ ಜಾಗ, ಕೂಲಿಗೆ ಹೋಗಬೇಕಾದ ಗದ್ದೆ ಯಾರದು ಎಂಬುದು ತೀರ್ಪಿನ ವ್ಯಾಪ್ತಿಗೆ ಬರುವ ಸಂಗತಿಗಳಲ್ಲ.

ಇತ್ತ ತುಂಗಭದ್ರೆಯ ಜಲಾಶಯದ ಹೊಟ್ಟೆ ಹೂಳಿನಿಂದ ತುಂಬುತ್ತಿದೆ. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದದ್ದು ಈಗ 105ರ ಆಸುಪಾಸು. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟು ಕೊಚ್ಚಿಹೋದಾಗ ಇಡೀ ಅಚ್ಚುಕಟ್ಟು ಉಸಿರು ಬಿಗಿಹಿಡಿದಿತ್ತು. ಹೂಳಿಗೆ ಪರ್ಯಾಯವಾಗಿ ಗಂಗಾವತಿ ಸೀಮೆಯ ನವಲಿಯ ಬಳಿ ಸಮಾನಾಂತರ ಜಲಾಶಯ ಕಟ್ಟುವ ಪ್ರಸ್ತಾವ ವರ್ಷಗಳಿಂದ ಓಡಾಡುತ್ತಿದೆ. ಕಟ್ಟುವುದಾದರೆ ಮತ್ತೆ ಸಾವಿರಾರು ಎಕರೆ ಮುಳುಗಬೇಕು. 1945ರಲ್ಲಿ ಇಲ್ಲದ ಒಂದು ಸಾಲು ಈಗ ಕಾನೂನಿನಲ್ಲಿದೆ: 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಸ್ವಂತ ನೆಲವಿಲ್ಲದೆ ಆ ನೆಲದಲ್ಲೇ ಮೂರು ವರ್ಷ ದುಡಿದು ಬದುಕಿದ ಕೂಲಿಕಾರರ ಕುಟುಂಬವೂ ಬಾಧಿತ ಕುಟುಂಬ. ಮೂರು ವರ್ಷ ಇದೇ ಗದ್ದೆಯಲ್ಲಿ ನಾಟಿ ಹಚ್ಚಿದ್ದೇನೆ ಎನ್ನಲು ಕೂಲಿ ಹೆಣ್ಣುಮಗಳು ತೋರಿಸಬಹುದಾದದ್ದು ರೇಷನ್ ಕಾರ್ಡು, ಉದ್ಯೋಗ ಖಾತ್ರಿಯ ಕಾರ್ಡು, ಮತ್ತೆ ಗದ್ದೆಯ ಮಾಲೀಕ ಬರೆದುಕೊಟ್ಟರೆ ಒಂದು ಚೀಟಿ.